ಕಣ್ಣು ಬಿಟ್ಟ ಫೋಟೋ

ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ ಶಂಕರಲಿಂಗಪ್ಪನವರ ಮನೆಗೆ ಯಾರೇ ಹೊಸಬರು ಬರಲಿ, ನಡುಮನೆಗೆ ಕಾಲಿಟ್ಟ ಕೂಡಲೇ ದನಿ ತಗ್ಗಿಸುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಫೋಟೋಗಳೇ ಅದಕ್ಕೆ ಕಾರಣ. ಶಂಕರಲಿಂಗಪ್ಪನವರ ತಂದೆ, ತಾಯಿ, ದೊಡ್ಡಪ್ಪ, ಒಬ್ಬ ಸೋದರತ್ತೆ, ಎಲ್ಲರೂ ಹಣೆ ತುಂಬ ವಿಭೂತಿ ಬಳಿದುಕೊಂಡು, ಕೊರಳ ತುಂಬ ಹಾರ ಹಾಕಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಧ್ಯಾನದಲ್ಲಿದ್ದರು ಎಂದುಕೊಳ್ಳಬೇಡಿ. ಸತ್ತಿದ್ದರು. ಸತ್ತವರನ್ನು ಕೂರಿಸಿ, ಸಿಂಗರಿಸಿ ಮಣ್ಣು ಮಾಡುವುದು ಅವರ ಕುಲದ ಹಳೆಯ ಪದ್ಧತಿ. ಹೇಗೂ ಕೂರಿಸಿದ್ದಾಗಿದೆ, ನೆಂಟರೆಲ್ಲ ಸೇರಿದ್ದಾರೆ, ಆಗಲೇ ಒಂದು ಫೋಟೋ ತೆಗೆಸಿಬಿಡುವುದು ಹೊಸ ಪದ್ಧತಿ. ಬದುಕಿರುವಾಗ ಫೋಟೋ ತೆಗೆಸಿದರೆ ಆಯುಸ್ಸು ತಗ್ಗುತ್ತದೆ ಎಂದು ಹಿರಿಯರು ಹೇಳಿದ್ದರು. ಸತ್ತ ಮೇಲೆ ಆ ಭಯ ಯಾರಿಗೂ ಇರಲಿಲ್ಲ.

ಆ ಕೆಲಸಕ್ಕೆ ಬರುತ್ತಿದ್ದವರು ಶಿರಾದ ಪ್ಯಾರೇಸಾಬರು. ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿ ಅವರು ಬಸ್ಸಿಳಿದರೆ ಸಾಕು, ಅಂಗಡಿಯವರು ಕೂತಲ್ಲಿಂದಲೇ, "ಯಾರು ಹೋದ್ರು ಸಾಬ್ರೇ?" ಎಂದು ಕೇಳುತ್ತಿದ್ದರು. ಬೇರೆಯವರನ್ನು ಊಟವಾಯಿತೇ ಎಂದು ಕೇಳುವ ಹಾಗೆ ಸಾಬರನ್ನು ಹೀಗೆ ಕೇಳುವುದು ಊರಿನಲ್ಲಿ ರೂಢಿಯಾಗಿಬಿಟ್ಟಿತ್ತು.

ಇಂಥ ಮನೆಯ ಯಜಮಾನರು ಆಸ್ಪತ್ರೆ ಸೇರಿದರು. ಹೊಟ್ಟೆಯ ಕೆಳಗೆ ಕರುಳು ಜಾರಿ ಗಂಟು ಕಟ್ಟಿಕೊಂಡು ವರ್ಷಗಳೇ ಆಗಿದ್ದವು. ಶಂಕರಲಿಂಗಪ್ಪನವರು ಅದರ ಮೇಲೆ ಪಂಚೆಯನ್ನು ಬಿಗಿಯಾಗಿ ಕಟ್ಟಿ, ನೋವು ಬಂದಾಗಲೆಲ್ಲ ಮನೆಯವರನ್ನು ಬೈದು ಕಾಲ ಹಾಕಿದ್ದರು. ಒಂದು ದಿನ ಅವರೆಕಾಳಿನ ಸಾರಿನಲ್ಲಿ ಮುದ್ದೆ ಮುರಿಯುತ್ತಿದ್ದವರು ಹಾಗೇ ಒರಗಿಬಿಟ್ಟಾಗ ಗುಟ್ಟು ಬಯಲಾಯಿತು. ಡಾಕ್ಟರು ಗಂಟನ್ನು ಒಳಕ್ಕೆ ತಳ್ಳಿ, "ಈ ಸಲ ಬಚಾವಾದಿರಿ. ಇನ್ನೊಂದು ಸಲ ಕರುಳು ಸಿಕ್ಕಿಹಾಕಿಕೊಂಡರೆ ನನ್ನ ಕೈಯಲ್ಲೂ ಆಗೋದಿಲ್ಲ. ಆಪರೇಷನ್ ಮಾಡಲೇಬೇಕು," ಎಂದರು. ಆದರೆ ಕೆಮ್ಮು ಇತ್ತು. ಕೆಮ್ಮು ನಿಲ್ಲುವವರೆಗೆ ಕ್ಲೋರೋಫಾರಂ ಕೊಡುವಂತಿಲ್ಲ, ಅಲ್ಲಿಯವರೆಗೆ ಆಸ್ಪತ್ರೆಯಲ್ಲೇ ಇರಬೇಕು, ಗಂಜಿಯನ್ನೇ ಕುಡಿಯಬೇಕು.

ಮನೆಯ ದಿನಚರಿ ಆಸ್ಪತ್ರೆಯ ಸುತ್ತ ತಿರುಗತೊಡಗಿತು. ಬೆಳಿಗ್ಗೆ ಸೊಸೆ ದಾಕ್ಷಾಯಣಮ್ಮ ಗಂಜಿ ಕಾಯಿಸುವಳು. ಮಗ ನಂದೀಶ್ವರಯ್ಯ ಅದನ್ನು ಹೊತ್ತು ಆಸ್ಪತ್ರೆಗೆ ಹೋಗಿ, ಬೈಸಿಕೊಂಡು, ಅಲ್ಲಿಂದ ಹುಣಸೆಹಣ್ಣಿನ ಮಂಡಿಗೆ ಹೋಗುವನು. ಮಧ್ಯಾಹ್ನ ಯಜಮಾನರ ಹೆಂಡತಿ ಸಿದ್ದಗಂಗಮ್ಮನವರು ಬೇಳೆಕಟ್ಟು ಒಯ್ದು ತಮ್ಮ ಪಾಲಿನದನ್ನು ಬೈಸಿಕೊಂಡು ಬರುವರು.

"ಇದು ಗಂಜಿಯೇನೋ, ಗೋಡೆಗೆ ಬಳಿಯೋ ಸುಣ್ಣವೇನೋ?" ಎಂದು ಶಂಕರಲಿಂಗಪ್ಪನವರು ಮಗನ ಮೇಲೆ ಹಾರಾಡುತ್ತಿದ್ದರು. "ನಿನ್ ಹೆಂಡ್ತಿಗೆ ಹೇಳು, ನಾನಿನ್ನೂ ಬದುಕಿವ್ನಿ ಅಂತ."

"ಡಾಕ್ಟ್ರು ಹೇಳಿದ್ದಲ್ವಾ ಅಪ್ಪ?"

"ಡಾಕ್ಟ್ರು ಮುದ್ದೆ ತಿಂದು ಬಂದು ನಂಗೆ ಗಂಜಿ ಕುಡೀರಿ ಅಂತಾರೆ. ಬಾಯಿ ವಾಸನೇಲೇ ಗೊತ್ತಾಯ್ತದೆ ಕಣ್ಲಾ!"

ಪಕ್ಕದ ಮಂಚದಲ್ಲಿ ಪಾವಗಡ ಕಡೆಯ ಕುರಿಗಾರ ಹುಚ್ಚಣ್ಣ ಮುರಿದ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ. ಮೂಲೆಯ ಮಂಚದಲ್ಲಿ ದೊಡ್ಡರಂಗಪ್ಪ ಎಂಬ ಗೌಡರಿದ್ದರು. ಮೂಲವ್ಯಾಧಿಯ ಮಾತು ಹೇಳಲು ನಾಚಿ, ಬೀಗರ ಮನೆಗೆಲ್ಲ ತಾವು ತಿರುಪತಿಗೆ ಹೋಗಿರುವುದಾಗಿ ಹೇಳಿ ಬಂದಿದ್ದರು. ಯಾರಾದರೂ ಒಳಗೆ ಬಂದರೆ ಕಂಬಳಿ ಎಳೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಊಟಕ್ಕೆ ಕೂತಾಗ ನಂದೀಶ್ವರಯ್ಯನ ಮಗಳು ಜಗದಾಂಬ, "ಅಪ್ಪಾ, ಇವತ್ತು ನನ್ ಜೊತೇಲಿ ಓದೋ ಹುಡ್ಗಿ ಮನೆಗೆ ಬಂದಿದ್ಲು. ನಿಮ್ಮನೇಲಿ ಎಲ್ರೂ ಯಾಕೆ ನಿದ್ದೆ ಮಾಡ್ತವ್ರೆ ಅಂತ ಫೋಟೋ ನೋಡಿ ಕೇಳಿದ್ಲು," ಎಂದಳು.

"ನೀನೇನಂದೆ?"

"ತಾತ ಒಬ್ರು ಎದ್ದವ್ರೆ, ಆದ್ರೆ ಆಸ್ಪತ್ರೇಲವ್ರೆ ಅಂದೆ."

ದಾಕ್ಷಾಯಣಮ್ಮನಿಗೆ ನಗು ತಡೆಯಲಾಗಲಿಲ್ಲ. ಸಿದ್ದಗಂಗಮ್ಮನವರು ಮೊಮ್ಮಗಳ ತಲೆಗೊಂದು ಮೊಟಕಿದರು. ನಂದೀಶ್ವರಯ್ಯ ಮಾತ್ರ ನಗಲಿಲ್ಲ. ಅವನು ಗೋಡೆಯ ಕಡೆ ತಿರುಗಿ ತನ್ನ ತಾತನ ಫೋಟೋ ನೋಡಿದ. ಆ ತಾತ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದರು. ಈಗ ನೆನೆಸಿಕೊಂಡರೆ ಆ ನಗುಮುಖ ಬರುತ್ತಲೇ ಇರಲಿಲ್ಲ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ಈ ಮುಖವೇ ಬರುತ್ತಿತ್ತು. ಅಪ್ಪನೂ ಹಾಗೇ ಆಗಿಬಿಟ್ಟರೆ ಎಂದು ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಅವ್ವಾ, ಆಪ್ರೇಸನ್‌ಗೆ ಮುಂಚೆ ಅಪ್ಪಂದೊಂದು ಫೋಟೋ ತೆಗೆಸ್ಬೇಕು," ಎಂದ.

ಸಿದ್ದಗಂಗಮ್ಮನವರ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಬಿತ್ತು. "ಶಿವಶಿವಾ! ಬಾಯಲ್ಲಿ ಒಳ್ಳೆ ಮಾತು ಬರ್ಲಿ. ಬದುಕಿರೋ ಮನುಷ್ಯಂಗೆ ಫೋಟೋನಾ?"

"ಬದುಕಿರೋವಾಗ್ಲೇ ತೆಗೆಸ್ಬೇಕು ಅಂತಿರೋದವ್ವ. ನಮ್ಮ ಗೋಡೆ ಮ್ಯಾಲೆ ಒಬ್ರಾದ್ರೂ ಕಣ್ಣು ಬಿಟ್ಟವ್ರಾ? ಅಪ್ಪಂದು ಕಣ್ಣು ಬಿಟ್ಟಿರೋದು ಒಂದಿರ್ಲಿ."

"ಅವ್ರು ಕಣ್ಣು ಬಿಟ್ಟು ನನ್ನನ್ನ ಹೆದರಿಸಿದ್ದು ಸಾಲ್ದೇನೋ, ಗೋಡೆ ಮ್ಯಾಲಿಂದ್ಲೂ ಹೆದರಿಸ್ಬೇಕಾ? ಸುಮ್ಕೆ ಉಣ್ಣು."

ಅಲ್ಲಿಗೆ ಆ ಮಾತು ನಿಂತಿತು. ಎಂದರೆ ಸಿದ್ದಗಂಗಮ್ಮನವರ ಮುಂದೆ ನಿಂತಿತು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ದಾಕ್ಷಾಯಣಮ್ಮನ ಬಳಿ ಮತ್ತೆ ಶುರುವಾಯಿತು.

"ಮಾವನೋರನ್ನ ಕೇಳಿದ್ರೆ ಬ್ಯಾಡ ಅಂತಾರೆ," ಎಂದಳು ಅವಳು ಬೂದಿಯಲ್ಲಿ ಚೊಂಬು ಉಜ್ಜುತ್ತ.

"ಕೇಳ್ದೆ ಹೆಂಗೆ ತೆಗೆಯೋದು? ಅಲ್ಲೇ ಎದುರಿಗೆ ನಿಲ್ಲಿಸ್ಬೇಕು ಆ ಪೆಟ್ಟಿಗೇನ."

"ಹೊಟ್ಟೆ ಒಳಗೆ ನೋಡೋ ಮಿಷನ್ನು ಅನ್ನಿ. ಬೆಂಗ್ಳೂರಲ್ಲಿ ಅಂಥದು ಬಂದೈತಂತಲ್ಲ. ನಮ್ಮ ಮಾವ ಅದನ್ನೇನು ಕಂಡವ್ರಾ?"

"ಪ್ಯಾರೇಸಾಬ್ರನ್ನ ಕಂಡವ್ರಲ್ಲ!"

"ಸಾಬ್ರು ಫೋಟೋ ತೆಗೆಯೋವಾಗ ಹೆಂಗೂ ಕರೀಬಟ್ಟೆ ಹೊದ್ಕೋತಾರಲ್ಲ, ಬಾಗಿಲಾಚೇಲೇ ಹೊದ್ಕೊಂಡು ಬಂದ್ರಾಯ್ತು."

ನಂದೀಶ್ವರಯ್ಯನಿಗೆ ಹೆಂಡತಿಯ ಬುದ್ಧಿಯ ಮೇಲೆ ಗೌರವ ಉಕ್ಕಿ ಬಂತು. ಅದೊಂದು ದಿನ ಉಕ್ಕದೇ ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಕೆಮ್ಮು ಹತೋಟಿಗೆ ಬಂತು, ಆಪರೇಷನ್ನಿನ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಪ್ಯಾರೇಸಾಬರು ಶಿರಾ ಬಸ್ಸಿನಿಂದಿಳಿದರು. ಎದುರಿಗೇ ಹೂವು ಮಾರುವ ಅಶ್ವತ್ಥಮ್ಮ ಕೂತಿದ್ದಳು.

"ಯಾರು ಹೋದ್ರು ಸಾಬ್ರೇ?"

ಸಾಬರಿಗೆ ಹೆಗಲ ಭಾರ, ಹೊಟ್ಟೆಯ ಹಸಿವು. ಪ್ರಶ್ನೆಯ ಕಡೆ ಗಮನ ಕೊಡದೆ, ಎಂದಿನ ಹಾಗೆ, "ಹುಣಸೇಹಣ್ಣಿನ ಶಂಕರಲಿಂಗಪ್ಪನೋರ್ದು ಫೋಟೋ ಬೇಕಂತೆ ಅಮ್ಮಾ, ಆಸ್ಪತ್ರೇಲಿ," ಎಂದು ಹೇಳಿ ನಡೆದುಬಿಟ್ಟರು. ಅಶ್ವತ್ಥಮ್ಮ ಒಂದು ಗಳಿಗೆ ಕಣ್ಣೀರು ಹಾಕಿ, ಆಮೇಲೆ ಯಾರೂ ಹೇಳದಿದ್ದರೂ ದೊಡ್ಡ ಹಾರಗಳನ್ನು ಕಟ್ಟಲು ಕೂತಳು. ಕಟ್ಟುತ್ತ ಕಟ್ಟುತ್ತ ಬಂದವರಿಗೆಲ್ಲ ಸುದ್ದಿ ಹೇಳಿದಳು.

ಇತ್ತ ಆಸ್ಪತ್ರೆಯ ಜಗಲಿಯಲ್ಲಿ ನಂದೀಶ್ವರಯ್ಯ ಡಾಕ್ಟರ ಮುಂದೆ ಕೈಕಟ್ಟಿ ನಿಂತಿದ್ದ. ಡಾಕ್ಟರಿಗೆ ಕ್ಯಾಮೆರಾ ಎಂದರೆ ಮೈಯೆಲ್ಲ ಉರಿ. ಹಿಂದಿನ ವರ್ಷ ಒಬ್ಬರು ದಾನಿಗಳು ರೋಗಿಗಳಿಗೆ ಕಿತ್ತಳೆಹಣ್ಣು ಹಂಚುವ ಫೋಟೋ ತೆಗೆಸಿಕೊಳ್ಳಲು ಬಂದಿದ್ದರು. ಬೆಳಕಿಗೆಂದು ಮದ್ದು ಸುಟ್ಟಾಗ ಅದು ಢಬ್ ಎಂದು, ಏಳಲಾರದವರೂ ಎದ್ದು ಓಡಿದ್ದರು. ಹಾಸಿಗೆ ಹಿಡಿದಿದ್ದ ಯಾರದೋ ಮನೆಯ ಸೊಸೆಯೊಬ್ಬಳ ಮುಖ ಆ ಫೋಟೋದಲ್ಲಿ ಬಂದು, ಅವಳ ಮಾವನ ಮನೆಯವರು ಬಂದು ಗಲಾಟೆ ಮಾಡಿದ್ದರು. ದಾನಿಗಳು ಹಣ್ಣಿನ ಬುಟ್ಟಿಯನ್ನು ಹಾಗೇ ವಾಪಸು ಒಯ್ದಿದ್ದರು.

"ನೋಡ್ರೀ," ಎಂದರು ಡಾಕ್ಟರು, "ಆಸ್ಪತ್ರೆ ಅಂದರೆ ಸಂತೆ ಅಲ್ಲ. ಇಲ್ಲಿ ಮಲಗಿರೋರು ತೋರಿಸಿಕೊಳ್ಳೋಕೆ ಬಂದವರಲ್ಲ. ಯಾರದ್ದು ತೆಗೀತೀರೋ ಅವರು ಬಾಯಿಬಿಟ್ಟು ಒಪ್ಪಬೇಕು. ಪಕ್ಕದವರ ಒಂದು ಬೆರಳೂ ಅದರಲ್ಲಿ ಕಾಣಬಾರದು. ಆ ಮದ್ದಂತೂ ನನ್ನ ಗೇಟಿನ ಒಳಗೇ ಬರಕೂಡದು. ನಿಮ್ಮ ತಂದೆ ಒಪ್ಪಿದ್ದಾರಾ?"

"ಒಪ್ಪವ್ರೆ ಸಾರ್," ಎಂದ ನಂದೀಶ್ವರಯ್ಯ. ಮಂಡಿಯಲ್ಲಿ ಹಸಿ ಹುಣಸೆಯನ್ನು ಒಣಗಿದ್ದು ಎಂದು ಹೇಳುವಾಗ ಬರುತ್ತಿದ್ದ ಮುಖವೇ ಆಗಲೂ ಬಂತು.

ಬಾಗಿಲಾಚೆ ಸಾಬರು ಕರಿಬಟ್ಟೆ ಹೊದ್ದುಕೊಂಡರು. ನಂದೀಶ್ವರಯ್ಯ ಕೈಹಿಡಿದು ಒಳಗೆ ನಡೆಸಿಕೊಂಡು ಬಂದ. ಪೆಟ್ಟಿಗೆ ಕಂಡದ್ದೇ ಮೂಲೆಯಲ್ಲಿದ್ದ ದೊಡ್ಡರಂಗಪ್ಪನವರು, "ನಾನಿಲ್ಲಿಲ್ಲ! ನಾನು ತಿರುಪ್ತೀಲವ್ನಿ!" ಎಂದು ಕಂಬಳಿಯೊಳಗೆ ಮಾಯವಾದರು.

"ಯಾವನ್ಲಾ ಇವ್ನು ಮುಸುಕಿನ ಮನುಷ್ಯ?" ಎಂದರು ಶಂಕರಲಿಂಗಪ್ಪನವರು.

"ಹೊಟ್ಟೆ ಒಳಗೆ ನೋಡೋ ಮಿಷನ್ನಪ್ಪಾ. ಬೆಂಗ್ಳೂರಿಂದ ಬಂದದೆ. ಇವ್ರು ಬೆಳಕು ನೋಡಂಗಿಲ್ಲ."

ಹೊಟ್ಟೆಯ ವಿಷಯ ಎಂದ ಕೂಡಲೇ ಯಜಮಾನರು ಉತ್ಸಾಹದಿಂದ ಎದ್ದು ಕೂತು, ಅಂಗಿ ಮೇಲೆತ್ತಿ, ಪಂಚೆ ಸಡಿಲಿಸಿ, ಹೊಟ್ಟೆಯನ್ನು ಕ್ಯಾಮೆರಾಕ್ಕೆ ಒಪ್ಪಿಸಿದರು.

"ಅಂಗಿ ಇಳ್ಸಪ್ಪಾ, ಮುಖ ಈ ಕಡೆ ಮಾಡಪ್ಪಾ."

"ಮುಖದಾಗೆ ಕರುಳು ಐತೇನ್ಲಾ? ಇಲ್ಲಿ ನೋಡೋಕ್ ಹೇಳು ಅವ್ನಿಗೆ, ಇಲ್ಲಿ!"

ಪಕ್ಕದ ಮಂಚದಿಂದ ಹುಚ್ಚಣ್ಣ ಕತ್ತು ಚಾಚಿ, "ಏಮಿ ಸಾಮೀ, ನನ್ ಕಾಲ್ನೂ ಒಸಿ ಆ ಪೆಟ್ಗೇಲಿ ನೋಡು ಸಾಮೀ," ಎಂದ. ಅವನನ್ನು ಸುಮ್ಮನಿರಿಸಿ, ಅಪ್ಪನ ಅಂಗಿ ಇಳಿಸುವಷ್ಟರಲ್ಲಿ ನಂದೀಶ್ವರಯ್ಯ ಬೆವರಿಬಿಟ್ಟ. ಅಂತೂ ಯಜಮಾನರು ಗೊಣಗುತ್ತ ಮುಖ ಬಗ್ಗಿಸಿ ಕೂತರು. ಬಟ್ಟೆಯೊಳಗಿನ ಪ್ಯಾರೇಸಾಬರಿಗೆ ಕಂಡದ್ದು ಆ ಬಗ್ಗಿದ ಮುಖ ಮಾತ್ರ. ಇಷ್ಟು ವರ್ಷ ಕುರ್ಚಿಯಲ್ಲಿ ಕೂತವರ ಜೊತೆ ಅವರು ಮಾತಾಡಿದ್ದೇ ಇಲ್ಲ. ಏನಿದ್ದರೂ ಪಕ್ಕದಲ್ಲಿ ನಿಂತವರಿಗೇ ಹೇಳಬೇಕು. ಅದೇ ಅಭ್ಯಾಸದಲ್ಲಿ ಬಾಯಿಬಿಟ್ಟರು.

"ಮಗ ಯಾರ್ರೀ, ಯಜಮಾನ್ರ ಗದ್ದ ಜರಾ ಎತ್ತಿ ಹಿಡೀರಿ. ತಲೆ ಬೀಳ್ತಾ ಅದೆ. ಬೆನ್ನಿಗೆ ಹಲಗೆ ಕಟ್ಟಿದ್ದೀರಾ ಇಲ್ವಾ?"

ತಮ್ಮ ತಂದೆ ತೀರಿಕೊಂಡ ದಿನ ಇದೇ ದನಿ ಕೇಳಿ ಅವರ ಗದ್ದವನ್ನು ಎತ್ತಿ ಹಿಡಿದಿದ್ದವರು ಶಂಕರಲಿಂಗಪ್ಪನವರೇ. ಅವರು ಮಂಚದಿಂದ ಇಳಿದು ಕರಿಬಟ್ಟೆಯನ್ನು ಕಿತ್ತೆಸೆದರು.

"ಪ್ಯಾರೇಸಾಬ್! ನನ್ನ ಕೂರ್ಸೋಕೆ ಬಂದ್ಬುಟ್ಯಾ?"

"ತೋಬಾ ತೋಬಾ! ನಿಮ್ಮ ಮಗಾನೇ ಕರೆಸಿದ್ದು ಯಜಮಾನ್ರೇ, ನಂದೇನೂ ತಪ್ಪಿಲ್ಲ."

"ಅಂಗಾದ್ರೆ ನಾಳೆ ನಾನು ಹೋಯ್ತೀನಿ ಅಂತ ಮನೇಲೆಲ್ಲಾ ಗೊತ್ತು! ನಂಗೊಬ್ಬಂಗೇ ಗೊತ್ತಿಲ್ಲ! ಕೊಡು ನನ್ ರುಮಾಲು. ಆಪ್ರೇಸನ್ನೂ ಬ್ಯಾಡ, ಗಂಜೀನೂ ಬ್ಯಾಡ, ನಾನು ಮನೇಗ್ ಹೋಯ್ತೀನಿ."

ಗದ್ದಲ ಕೇಳಿ ಡಾಕ್ಟರು ಓಡಿಬಂದರು. ನಡೆದದ್ದು ತಿಳಿದು ನಂದೀಶ್ವರಯ್ಯನ ಕಡೆ ತಿರುಗಿ, "ಒಪ್ಪಿದ್ದಾರೆ ಅಂದಿರಲ್ಲ! ನಾಚಿಕೆ ಆಗೋದಿಲ್ವೇನ್ರೀ? ಇವರು ಹೀಗೇ ಮನೆಗೆ ಹೋದರೆ ಏನಾಗುತ್ತೆ ಗೊತ್ತಾ? ಒಂದು ವಾರವೋ, ಒಂದು ತಿಂಗಳೋ, ಮತ್ತೆ ಕರುಳು ಸಿಕ್ಕಿಕೊಂಡರೆ ಮುಗೀತು," ಎಂದು ರೇಗಿದರು.

ನಂದೀಶ್ವರಯ್ಯನ ಕಣ್ಣಲ್ಲಿ ನೀರು ಬಂತು. "ಅಪ್ಪಾ, ತಪ್ಪಾಯ್ತು. ನೀವು ಹೋಯ್ತೀರಿ ಅಂತಲ್ಲ. ನಿಮ್ಮ ಮುಖ ಇರ್ಲಿ ಅಂತ. ಫೋಟೋ ಬ್ಯಾಡ ಬುಡಿ, ಆಪ್ರೇಸನ್ ಮಾಡಿಸ್ಕೊಳಿ."

"ದಾರಿ ಬುಡು," ಎಂದರು ಅಪ್ಪ. ರುಮಾಲನ್ನು ಸುತ್ತಿಕೊಳ್ಳದೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದರು.

ಬಾಗಿಲಲ್ಲಿ ಹಾರ ಹೊತ್ತ ಅಶ್ವತ್ಥಮ್ಮ, ಅವಳ ಹಿಂದೆ ಅರ್ಧ ಬೀದಿ. ಯಜಮಾನರು ನಡೆದು ಬರುವುದನ್ನು ನೋಡಿ ಅಶ್ವತ್ಥಮ್ಮ ಕಿಟಾರನೆ ಕಿರುಚಿದಳು. ಇಬ್ಬರು ಓಡಿಯೇ ಹೋದರು. "ಬದುಕವ್ರೆ ಕಣಮ್ಮ!" ಎಂದು ಯಾರೋ ಹೇಳಿದ್ದರಲ್ಲಿ ಸಂತೋಷ ಎಷ್ಟಿತ್ತೋ ನಿರಾಸೆಯೂ ಅಷ್ಟೇ ಇತ್ತು.

ಆ ಜನರನ್ನು ತಳ್ಳಿಕೊಂಡು ಸಿದ್ದಗಂಗಮ್ಮನವರು ಬಂದರು. ಸುದ್ದಿ ಮುಟ್ಟಿದಾಗ ಅವರು ರಾಗಿ ಕೇರುತ್ತಿದ್ದರು. ಕೈಯಲ್ಲಿ ಮೊರ ಹಾಗೇ ಇತ್ತು. ತಲೆಯ ಮೇಲಿನ ಸೆರಗು ಎಲ್ಲೋ ಜಾರಿತ್ತು. ಗಂಡ ಎದುರಿಗೇ ನಿಂತಿರುವುದನ್ನು ನೋಡಿ ಅವರು ಹೊಸ್ತಿಲ ಮೇಲೆ ಕುಸಿದು ಕೂತುಬಿಟ್ಟರು.

"ಎದ್ದೇಳು," ಎಂದರು ಶಂಕರಲಿಂಗಪ್ಪನವರು, ತುಸು ಗಾಬರಿಯಾಗಿ. "ನಾನು ಸತ್ತಿಲ್ಲ. ನಿನ್ ಮಗ ಅವಸರ ಮಾಡ್ದ, ಅಷ್ಟೇಯ. ನಡಿ ಮನೇಗೆ."

ಸಿದ್ದಗಂಗಮ್ಮನವರು ಏಳಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ, ಮದುವೆಯಾದಂದಿನಿಂದ ಬೀದಿಯವರ ಎದುರು ಗಂಡನ ಜೊತೆ ಒಂದು ಮಾತೂ ಆಡದಿದ್ದವರು, ಎಲ್ಲರ ಎದುರಿಗೇ ಮಾತಾಡಿದರು.

"ಹೋದ್ರಿ ಅಂದ್ರು. ಓಡ್ಬಂದೆ. ದಾರಿ ಉದ್ದಕ್ಕೂ ನಿಮ್ ಮುಖ ನೆನೆಸ್ಕೋತೀನಿ, ಬರಾಕಿಲ್ಲ. ಉಣ್ಣಾಕಿಕ್ಕೋವಾಗ ನಿಮ್ ತಟ್ಟೆ ನೋಡಿವ್ನಿ. ದಾರೀಲಿ ನಿಮ್ ಬೆನ್ನು ನೋಡಿವ್ನಿ. ಬೈಯೋವಾಗ ನೆಲ ನೋಡಿವ್ನಿ. ನಿಮ್ ಕಾಲು ನೆನಪೈತೆ, ಕೆಮ್ಮು ನೆನಪೈತೆ. ಕಣ್ಣು ಹೆಂಗವೆ ಅಂತ ನೆನಪೇ ಆಗ್ಲಿಲ್ಲ ಕಣ್ರೀ! ಇಷ್ಟು ವರ್ಷ ಬಾಳಾಟ ಮಾಡಿ, ಗಂಡ ಹೋದ ಅಂದ್ರೆ ಯಾವ ಮುಖ ನೆನೆಸ್ಕೊಂಡು ಅಳ್ಳಿ ನಾನು?"

ಸಿದ್ದಗಂಗಮ್ಮನವರು ಮೂಗು ಒರೆಸಿಕೊಂಡು, "ಬ್ಯಾಡ ಅಂದೋಳೂ ನಾನೇ. ಈಗ ನಾನೇ ಹೇಳ್ತೀನಿ. ಆ ಫೋಟೋ ತೆಗೆಸ್ಕೊಳಿ. ಆಮ್ಯಾಕೆ ಹೊಟ್ಟೆ ಕುಯ್ಸ್ಕೊಂಡು ನೆಟ್ಟಗೆ ಮನೇಗೆ ಬನ್ನಿ," ಎಂದರು.

ಶಂಕರಲಿಂಗಪ್ಪನವರು ಕೈಯಲ್ಲಿದ್ದ ರುಮಾಲನ್ನು ತಲೆಗೆ ಸುತ್ತಿಕೊಂಡರು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಹೆಂಡತಿಯ ಕಡೆ ನೋಡದೆ, "ಎಲ್ಲಿ ಕೂರ್ಬೇಕು ಡಾಕ್ಟ್ರೇ?" ಎಂದು ಕೇಳಿದರು.

"ಒಪ್ಪಿಗೆ ಇದೆಯಾ?"

"ಐತೆ. ಬಾಯಿಬಿಟ್ಟು ಹೇಳ್ತಿವ್ನಿ."

ಡಾಕ್ಟರೇ ತಮ್ಮ ಕುರ್ಚಿಯನ್ನು ಅಂಗಳದ ಬೇವಿನ ಮರದಾಚೆ ಬಿಸಿಲಿಗೆ ಹಾಕಿಸಿದರು. ಫೋಟೋದಲ್ಲಿ ತಮ್ಮ ಮುಖವೂ ಇರಲಿ ಎಂದು ಕುರ್ಚಿಯ ಹಿಂದೆ ಸಾಲಾಗಿ ನಿಂತ ಬೀದಿಯವರನ್ನು ಅವರೇ ಹಿಂದಕ್ಕೆ ಅಟ್ಟಿದರು. ಅಶ್ವತ್ಥಮ್ಮ, "ಕಟ್ಟಿರೋದು ದಂಡ ಆಯ್ತದೆ, ಒಂದಾದ್ರೂ ಹಾಕ್ಕೊಳಿ," ಎಂದು ಹಾರ ಹಿಡಿದು ಬಂದಾಗ ಯಜಮಾನರು ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದರು. ಸಿದ್ದಗಂಗಮ್ಮನವರು ಮೊರವನ್ನು ಎದೆಗವಚಿಕೊಂಡು ಬೇವಿನ ನೆರಳಲ್ಲಿ ನಿಂತರು. ಈ ಸಲ ಪ್ಯಾರೇಸಾಬರು ಕುರ್ಚಿಯಲ್ಲಿ ಕೂತವರ ಜೊತೆಯೇ ಮಾತಾಡಿದರು.

"ಯಜಮಾನ್ರೇ, ಇಲ್ಲೇ ಈ ಗಾಜು ನೋಡಿ. ಕಣ್ಣು ಮುಚ್ಬ್ಯಾಡಿ. ಅಲ್ಲಾಡ್ಬ್ಯಾಡಿ. ನಿಮ್ಮಂಥೋರ್ದು ಕಷ್ಟ ಸ್ವಾಮಿ, ಬದುಕಿರೋರು ಸುಮ್ನೆ ಕೂರೋದೇ ಇಲ್ಲ."

ಮರುದಿನ ಆಪರೇಷನ್ ಆಯಿತು. ದಾಕ್ಷಾಯಣಮ್ಮ ಮಾಡಿದ ಅಡುಗೆಯನ್ನು ಅಂದು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಸಂಜೆ ಆಸ್ಪತ್ರೆಯಿಂದ ಬಂದ ನಂದೀಶ್ವರಯ್ಯ, "ಎಚ್ಚರ ಆಯ್ತು. ಡಾಕ್ಟ್ರಿಗೆ ಬೈದ್ರು," ಎಂದಾಗ ಎಲ್ಲರೂ ಒಟ್ಟಿಗೆ ತಟ್ಟೆ ಹಾಕಿಕೊಂಡು ಕೂತರು.

ಯಜಮಾನರು ಮನೆಗೆ ಬಂದ ಮೇಲೆ, ನೆಲದ ಮೇಲೆ ಕೂರಬಾರದು, ಭಾರ ಎತ್ತಬಾರದು, ಕೂಗಾಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೂರನೆಯದೇ ಅವರಿಗೆ ಬಲು ಕಷ್ಟವಾಯಿತು. ಹೀಗೆ ಕೂಗದೆ ಕಷ್ಟಪಡುತ್ತಿದ್ದ ಒಂದು ಮಧ್ಯಾಹ್ನ ಶಿರಾದಿಂದ ಫೋಟೋ ಬಂತು. ನಂದೀಶ್ವರಯ್ಯ ಕಾಗದ ಬಿಚ್ಚಿ ನೋಡಿದ, ಅವನ ಮುಖ ಸಪ್ಪಗಾಯಿತು.

"ಕಣ್ಣು ಬಿಟ್ಟವ್ರಾ?" ಎಂದಳು ದಾಕ್ಷಾಯಣಮ್ಮ.

"ಬಿಟ್ಟೇನೋ ಬಿಟ್ಟವ್ರೆ. ಗಾಜು ನೋಡಿ ಅಂದ್ರೆ ಅತ್ಲಾಗೆ ಎಲ್ಲೋ ನೋಡ್ತವ್ರೆ. ಅಪ್ಪಾ, ಇದೇನಪ್ಪಾ? ಸಾಬ್ರು ಅಷ್ಟು ಬಡ್ಕೊಂಡ್ರಲ್ಲ!"

"ಬಿಸ್ಲು ಕಣ್ಲಾ, ಬಿಸ್ಲು!" ಎಂದರು ಶಂಕರಲಿಂಗಪ್ಪನವರು, ಅಗತ್ಯಕ್ಕಿಂತ ಜೋರಾಗಿ.

ಜಗದಾಂಬ ಇಣುಕಿ, ಫೋಟೋದ ಅಂಚಿನಲ್ಲಿದ್ದ ಬೇವಿನ ಕೊಂಬೆ ತೋರಿಸಿ, "ತಾತ ಬೇವಿನ ಮರ ನೋಡ್ತವ್ರೆ," ಎಂದಳು. ನಂದೀಶ್ವರಯ್ಯ ಇನ್ನೊಂದು ತೆಗೆಸೋಣ ಎಂದು ಶುರು ಮಾಡಿದ. ಸಿದ್ದಗಂಗಮ್ಮನವರು ಅವನ ಕೈಯಿಂದ ಫೋಟೋ ತೆಗೆದುಕೊಂಡರು. ನೋಡಿದರು. ಅವರ ಮುಖ ಕಿವಿಯ ತುದಿಯವರೆಗೆ ಕೆಂಪಾಯಿತು.

"ಇನ್ನೊಂದೇನೂ ಬ್ಯಾಡ. ಇದೇ ಇರ್ಲಿ," ಎಂದು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಆಪರೇಷನ್ ಆದ ಮೇಲೆ ಗಂಡನಿಗೆ ಆವತ್ತೇ ಮೊದಲ ಸಲ ಮುದ್ದೆ. ಸಿದ್ದಗಂಗಮ್ಮನವರು ಅವರನ್ನು ಮಣೆಯ ಬದಲು ಬೆಂಚಿನ ಮೇಲೆ ಕೂರಿಸಿ, ತಟ್ಟೆ ಇಟ್ಟು ಬಡಿಸಿ, ಎಂದಿನಂತೆ ಬಾಗಿಲ ಸಂದಿಗೆ ಹೋಗದೆ, ಎದುರಿಗೇ ಕಂಬಕ್ಕೊರಗಿ ಕೂತರು. ತಟ್ಟೆ ನೋಡಲಿಲ್ಲ. ಶಂಕರಲಿಂಗಪ್ಪನವರು ಎರಡು ತುತ್ತು ನುಂಗಿ, ಮೂರನೆಯದನ್ನು ಕೈಯಲ್ಲೇ ಹಿಡಿದು ನಿಲ್ಲಿಸಿದರು.

"ಏನೇ ಅದು, ಅಂಗೆ ನೋಡ್ತೀಯ?"

"ಫೋಟೋದಾಗಿರೋರು ನೀವೇನಾ ಅಂತ."

"ಹೌದೋ ಅಲ್ವೋ?"

ಸಿದ್ದಗಂಗಮ್ಮನವರು ಅವಸರವಿಲ್ಲದೆ ಹಣೆಯಿಂದ ಗದ್ದದವರೆಗೂ ನೋಡಿ ಮುಗಿಸಿದರು.

"ಕಣ್ಣು ನಿಮ್ದೇಯ," ಎಂದರು. "ಮೂಗು ಮಾತ್ರ ಇಷ್ಟು ದಪ್ಪ ಐತೆ ಅಂತ ನಮ್ಮಪ್ಪಂಗೆ ಯಾರೂ ಹೇಳಿರ್ಲಿಲ್ಲ."

"ನಗಿಸ್ಬ್ಯಾಡ ಕಣೇ," ಎಂದು ಶಂಕರಲಿಂಗಪ್ಪನವರು ಎಡಗೈಯಿಂದ ಹೊಟ್ಟೆ ಹಿಡಿದುಕೊಂಡರು. "ಹೊಲಿಗೆ ಎಳೀತದೆ."